ಮೊದಲ ಸ್ಥಾನದಲ್ಲಿ ಮನೆಯೋರು

ಕಿರ್... ಟಕ್. ಕಿರ್... ಟಕ್.

ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಮಹಡಿಯಿಂದ ಆ ಸಣ್ಣ ಸದ್ದು ಮತ್ತೆ ಶುರುವಾಯಿತು. ನಂದಿತಾ ಎದ್ದು ಕುಳಿತಳು. ಬೆಳಿಗ್ಗೆ ಬಸ್ಸು ಹಿಡಿದು ಗುಬ್ಬಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಬೇಕಾದವಳು ಅವಳು. ಉಪ್ಪಾರಹಳ್ಳಿಯ ಅವರ ಮನೆಯ ಮಹಡಿಗೆ ಹೊಸ ಬಾಡಿಗೆದಾರ ಬಂದು ನಾಲ್ಕು ದಿನ. ನಾಲ್ಕು ರಾತ್ರಿಯೂ ಇದೇ ಸದ್ದು.

ಅಮ್ಮ ಭದ್ರಮ್ಮ ಗಾಢ ನಿದ್ದೆಯಲ್ಲಿದ್ದರು. ನಂದಿತಾ ವೇಲ್ ಹೊದ್ದು, ಬೈಯಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡು ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದೇ ಇತ್ತು. ಒಳಗೆ ವ್ಯಾಯಾಮದ ಸೈಕಲ್ ಮೇಲೆ ಬೆವರಿನಲ್ಲಿ ತೊಯ್ದ ಯುವಕ. ಕೈಯಲ್ಲಿ ಗೇಮ್ ರಿಮೋಟು, ಕಣ್ಣು ಟಿವಿಯ ಮೇಲೆ. ಪರದೆಯಲ್ಲಿ ಒಬ್ಬ ಸವಾರ ಬೆಟ್ಟದ ದಾರಿ ಹತ್ತುತ್ತಿದ್ದ.

"ಬುಡ್ಬೇಡ ಕಣೋ, ಬುಡ್ಬೇಡ... ಇನ್ನೊಂದೇ ತಿರುವು..."

"ಯಾರಿಗೆ ಹೇಳ್ತಿದೀರಾ?"

"ನನ್ ಕಾಲಿಗೆ," ಎಂದವನು ತಿರುಗಿ ನೋಡಿ ಗಾಬರಿಯಾದ. ಸವಾರ ಸೀದಾ ಕಂದಕಕ್ಕೆ ಬಿದ್ದ.

"ಟೈಮ್ ಎಷ್ಟು ಗೊತ್ತಾ?"

"ಸಾರಿ ಮೇಡಂ. ಎಮ್ಮೆ ಒದೀತು."

"ಏನು?"

"ನಾನು ಅಂಜನ್, ಪಶು ಆಸ್ಪತ್ರೆಲಿ ಕೆಲ್ಸ. ಕುಣಿಗಲ್ ಹತ್ರ ಒಂದೆಮ್ಮೆಗೆ ಇಂಜೆಕ್ಷನ್ ಕೊಡಕ್ಕೆ ಹೋಗಿ ಮಂಡಿ ಹೋಯ್ತು. ದಿನಾ ಅರ್ಧ ಗಂಟೆ ಸೈಕಲ್ ತುಳೀಲೇಬೇಕು ಅಂದವ್ರೆ ಡಾಕ್ಟ್ರು. ಸುಮ್ನೆ ತುಳಿದ್ರೆ ಅರ್ಧ ಗಂಟೆ ಅನ್ನೋದು ಅರ್ಧ ದಿನ ಆಗುತ್ತೆ. ಅದಕ್ಕೇ ಪೆಡಲ್‌ಗೆ ಗೇಮ್ ಸೇರ್ಸಿದೀನಿ. ಜೋರಾಗಿ ತುಳಿದ್ರೆ ಅವನೂ ಜೋರಾಗಿ ಹೋಗ್ತಾನೆ. ನೀವೊಂದ್ಸಲ ತುಳಿದು ನೋಡಿ, ಆಮೇಲೆ ಬೈಯಿರಿ."

ಬೈಯಲು ಬಂದವಳು ಸೈಕಲ್ ಹತ್ತಿದಳು! ಯಾಕೆಂದು ಅವಳಿಗೂ ತಿಳಿಯಲಿಲ್ಲ.

ಹಿಂದೆ ತುಳಿದವರ ಓಟ ಪರದೆಯ ಮೇಲೆ ನೆರಳಾಗಿ ಕಾಣುವ ಆಟ ಅದು. ಅಂಜನ್‌ನ ನೆರಳು ಮುಂದೆ, ಅವಳ ಸವಾರ ಹಿಂದೆ. ಸವಾರನ ತಲೆಯ ಮೇಲೆ 'ಅತಿಥಿ' ಎಂದಿತ್ತು. ಕೊನೆಯ ತಿರುವಿನಲ್ಲಿ ನಂದಿತಾ ಹಲ್ಲು ಕಚ್ಚಿ ತುಳಿದು ಆ ನೆರಳನ್ನು ದಾಟಿಯೇ ಬಿಟ್ಟಳು.

"ಸಂಜೆ ಏಳಕ್ಕೆ ತುಳೀರಿ," ಎಂದಳು ಇಳಿಯುತ್ತಾ. "ಸೋಲೋಕೆ ರಾತ್ರಿವರ್ಗೂ ಯಾಕೆ ಕಾಯ್ತೀರಾ?"

ಮರುದಿನದಿಂದ ಸಂಜೆ ಏಳು ಎನ್ನುವುದು ಇಬ್ಬರದೂ ಆಯಿತು. ಅವನು ತುಳಿದು ಇಳಿದರೆ ಅವಳು ಹತ್ತುವಳು. ಒಂದು ದಿನವೂ ಅವಳು ಸೋಲಲಿಲ್ಲ. ಭದ್ರಮ್ಮ ಕಳಿಸಿದ ಚಕ್ಕುಲಿ ತಿನ್ನುತ್ತಾ ಅವನು, "ಆ ಎಮ್ಮೆಗೆ ಒಂದು ದಿನ ಹಾರ ಹಾಕ್ಬೇಕು," ಅನ್ನುತ್ತಿದ್ದ. ಯಾಕೆಂದು ಅವಳು ಕೇಳುತ್ತಿರಲಿಲ್ಲ. ಕೇಳದೆಯೂ ಕೆನ್ನೆ ಬೆಚ್ಚಗಾಗುತ್ತಿತ್ತು.

ಎರಡು ತಿಂಗಳಾಯಿತು. ಒಂದು ಗುರುವಾರ ನಂದಿತಾ ನಿರ್ಧರಿಸಿದಳು. 'ಇವತ್ತು ಹೇಳ್ತೀನಿ. ಅವರು ಹೇಳ್ಲಿ ಅಂತ ಕಾಯಲ್ಲ.'

ಹತ್ತು ನಿಮಿಷ ಮೊದಲೇ ಮೇಲೆ ಹೋದಳು. ಅಂಜನ್ ಬಾಲ್ಕನಿಯಲ್ಲಿ ಫೋನಿನಲ್ಲಿದ್ದ. ಟಿವಿಯಲ್ಲಿ ಅವಳು ಎಂದೂ ನೋಡಿರದ ಒಂದು ಪಟ್ಟಿ.

ಮೊದಲ ಸ್ಥಾನ: ಮನೆಯೋರು.
ಎರಡನೇ ಸ್ಥಾನ: ಅಂಜನ್.

ಮನೆಯೋರು...

ನಂದಿತಾಳ ಕಾಲು ಅಲ್ಲೇ ನಿಂತಿತು. ಅಮ್ಮ ಇವತ್ತಿಗೂ ಅಪ್ಪನ ಹೆಸರು ಹೇಳದೆ 'ನಮ್ಮನೆಯೋರು' ಅನ್ನುತ್ತಾರೆ. ಇವನೂ ಹೆಂಡತಿಯ ಹೆಸರು ಹೇಳದ ಪೈಕಿ. ಊರಲ್ಲಿದ್ದಾಳೆ, ಅಲ್ಲಿಂದಲೇ ಇವನ ಜೊತೆ ಆಡುತ್ತಾಳೆ...

'ನಾನು ಬರೀ ಅತಿಥಿ.'

ಅಂಜನ್ ತಿರುಗಿದ. ಅವಳು ಪಟ್ಟಿ ನೋಡುತ್ತಿರುವುದನ್ನು ಕಂಡು ಅವನ ಮುಖ ಬಿಳಿಚಿತು. ಆ ಮುಖವೇ ಸಾಕ್ಷಿ ಎಂದುಕೊಂಡು ಅವಳು ಇಳಿದುಬಂದಳು.

ಒಂಬತ್ತು ದಿನ ಅವಳು ಮೇಲೆ ಹೋಗಲಿಲ್ಲ. ಮೇಲಿಂದ ಸದ್ದೂ ಬರಲಿಲ್ಲ. ಬೆಳಿಗ್ಗೆ ಅವನು ಮೆಟ್ಟಿಲಿಳಿಯುವಾಗ ಮೊದಲಿನ ಕುಂಟು ಹೆಜ್ಜೆ ಮತ್ತೆ ಕೇಳಿಸುತ್ತಿತ್ತು.

ಹತ್ತನೆಯ ಸಂಜೆ ಭದ್ರಮ್ಮ ಸೊಪ್ಪು ಬಿಡಿಸುತ್ತಾ ಅಂದರು, "ಮೇಲಿನ ಹುಡುಗ ತಿಂಗಳ ಕೊನೆಗೆ ಮನೆ ಖಾಲಿ ಮಾಡ್ತಾನಂತೆ ಕಣೇ. ಪಾಪ, ಒಳ್ಳೇನು."

ನಂದಿತಾ ಎದ್ದಳು. ಹೋಗುವವನು ಹೋಗಲಿ, ಉತ್ತರ ಕೊಟ್ಟು ಹೋಗಲಿ.

ಅಂಜನ್ ರಟ್ಟಿನ ಡಬ್ಬಕ್ಕೆ ಪಾತ್ರೆ ತುಂಬುತ್ತಿದ್ದ.

"ನಿಮ್ಮ ಮನೆಯೋರ ಹತ್ರ ಹೊರಟ್ರಾ?"

"ಯಾರ ಹತ್ರ?"

"ಮೊದಲ ಸ್ಥಾನದಲ್ಲಿ ಇದಾರಲ್ಲ, ಅವರ ಹತ್ರ. ಮದುವೆ ಆಗಿದೆ ಅಂತ ಮೊದ್ಲೇ ಹೇಳ್ಬಹುದಿತ್ತು ನೀವು."

ಅಂಜನ್ ಕೈಯಲ್ಲಿದ್ದ ಸೌಟು ಹಾಗೇ ಉಳಿಯಿತು. ಅದನ್ನು ಕೆಳಗಿಟ್ಟು ಟಿವಿ ಹಾಕಿ ಅದೇ ಪಟ್ಟಿ ತೆರೆದ.

"ಹೆಸರಿನ ಪಕ್ಕ ಟೈಮ್ ಇದೆ. ಓದಿ."

ಹನ್ನೊಂದು ನಿಮಿಷ, ನಲವತ್ತೆರಡು ಸೆಕೆಂಡು.

ಆ ಅಂಕಿ ಅವಳಿಗೆ ಬಾಯಿಪಾಠ. ಅವಳದೇ ಓಟ... ಆ ಗುರುವಾರಕ್ಕೆ ಹಿಂದಿನ ದಿನ ತುಳಿದು, ಖುಷಿಗೆ ಇಡೀ ಚಕ್ಕುಲಿ ಡಬ್ಬ ಖಾಲಿ ಮಾಡಿದ್ದಳು.

"ಸಂಖ್ಯಾಶಾಸ್ತ್ರದ ಮೇಡಂ ಅಂಕಿನೇ ನೋಡ್ಲಿಲ್ವಾ?" ಎಂದ ಅಂಜನ್. "ಅವತ್ತು ನೀವು ಇಳಿದು ಹೋದ್ಮೇಲೆ, ಹೊಸ ರೆಕಾರ್ಡ್ ಅಂತ ಗೇಮು ಹೆಸರು ಕೇಳ್ತು. ನಂದಿತಾ ಅಂತ ಬರಿಯಕ್ಕೆ ಧೈರ್ಯ ಬರ್ಲಿಲ್ಲ. ನೀವು ಓನರ್ ಮಗಳು, ಮನೆ ನಿಮ್ದು. ಅದಕ್ಕೆ ಮನೆಯೋರು ಅಂತ ಹಾಕ್ದೆ. ಹಾಕಿದ್ಮೇಲೆ ಓದ್ದೆ... ಅಳ್ಸಕ್ಕೆ ಮನಸ್ಸಾಗ್ಲಿಲ್ಲ. ನೀವು ಅದನ್ನ ನೋಡಿ, ಎಷ್ಟು ಸೊಕ್ಕು ಇವನಿಗೆ ಅಂದ್ಕೊಂಡು ಬರೋದು ಬಿಟ್ರಿ ಅಂತ ತಿಳ್ಕೊಂಡೆ..."

"ಅದಕ್ಕೆ ಮನೇನೇ ಬಿಡ್ತೀರಾ?"

"ಇನ್ನೇನು ಮಾಡ್ಲಿ?"

ನಂದಿತಾ ಡಬ್ಬದಿಂದ ಪಾತ್ರೆ ತೆಗೆದು ಕಟ್ಟೆಯ ಮೇಲಿಟ್ಟಳು. "ಒಂದೇ ಒಂದು ಆಟ. ನಾನು ಗೆದ್ರೆ ನೀವು ಹೊರಡಿ. ನೀವು ಗೆದ್ರೆ ಇಲ್ಲೇ ಇರ್ಬೇಕು. ಹೆಸರೂ ಹಾಗೇ ಇರುತ್ತೆ."

"ನಾನು ಯಾವತ್ತು ಗೆದ್ದಿದೀನಿ?"

"ಸುಮ್ನೆ ಸೈಕಲ್ ಹತ್ತಿ."

ಒಂಬತ್ತು ದಿನ ತುಳಿಯದ ಕಾಲು. ಅವನು ಹದಿಮೂರು ನಿಮಿಷ ತೆಗೆದುಕೊಂಡು, ಸಪ್ಪೆ ಮುಖದಲ್ಲಿ ಇಳಿದ. ನಂದಿತಾ ಹತ್ತಿದಳು. ಅರ್ಧ ಬೆಟ್ಟಕ್ಕೇ ಅವನ ನೆರಳನ್ನು ದಾಟಿದಳು. ಅಂಜನ್ ಪರದೆ ನೋಡಲಾಗದೆ ಗೋಡೆಯತ್ತ ತಿರುಗಿದ.

ಕಿರ್... ಟಕ್. ಕಿರ್...... ಟಕ್.

"ಅಂಜನ್," ಎಂದಳು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ. "ತಿರುಗಿ ನೋಡಿ. ಗೆದ್ರಿ."

ಅವನು ತಿರುಗಿದ. ಪರದೆ ನೋಡಿದ. ಆಮೇಲೆ ಅವಳನ್ನು ನೋಡಿದ.

"ಏನಾಯ್ತು ನಿಮ್ಗೆ?"

"ಕಾಲು ಸೋತೋಯ್ತು. ನೀವಂದ್ರೆ ನಂಗಿಷ್ಟ ಕಣ್ರೀ. ಸುಮ್ನೆ ಪಾತ್ರೆ ಜೋಡ್ಸಿ."

"ನಂದಿತಾ..."

"ಮನೆಯೋರು ಅನ್ನಿ. ಅಭ್ಯಾಸ ಆಗ್ಲಿ."

ಅವನು ನಕ್ಕು, ಕಣ್ಣೊರೆಸಿಕೊಂಡು, ಇನ್ನೂ ಸೈಕಲ್ ಮೇಲೇ ಇದ್ದ ಅವಳನ್ನು ಕೈ ಹಿಡಿದು ಇಳಿಸಿದ.

ಅವಳು ಕೆಳಗೆ ಬಂದಾಗ ಭದ್ರಮ್ಮ ಕೇಳಿದರು, "ಮೇಲೆ ಇವತ್ತು ಯಾರು ಗೆದ್ರೇ?"

"ಅವರು ಕಣಮ್ಮ."

ಕೊನೆಯ ತಿರುವಿನಲ್ಲಿ ತನ್ನ ಕಾಲು ಯಾಕೆ ನಿಂತಿತೆಂದು ಅಮ್ಮನಿಗಾಗಲಿ, ಅವನಿಗಾಗಲಿ, ಯಾರಿಗೂ ಎಂದೂ ಹೇಳಬಾರದೆಂದು ನಂದಿತಾ ಆ ಕ್ಷಣವೇ ನಿರ್ಧರಿಸಿಬಿಟ್ಟಳು.