ಕುರ್ಚಿಯ ಬಳ್ಳಿ

ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಜಾನಕಿಬಾಯಿ ಮುದ್ದೇಬಿಹಾಳ ಠಾಣೆಗೆ ಬಂದಾಗ ಪಿಎಸ್‌ಐ ಭುವನೇಶ್ವರಿಯ ಮನಸ್ಸು ಮೊದಲೇ ಕೆಟ್ಟಿತ್ತು. ಜೊತೆಗೆ ತರಬೇತಿ ಪಡೆದ ರಾಜಶ್ರೀ ಪದಕ ಸ್ವೀಕರಿಸುವ ಫೋಟೋ ಪೇಪರಿನಲ್ಲಿ ಬಂದಿತ್ತು. ಅಭಿನಂದನೆಯ ಮೆಸೇಜು ಕಳಿಸಿ ಫೋನನ್ನು ಬೋರಲು ಹಾಕಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

“ನಮ್ಮ ಅಜ್ಜನ ಕುರ್ಚಿ ತಲಿ ಕೊಯ್ದಾರ್ರಿ,” ಎಂದರು ಆ ನಿವೃತ್ತ ಶಿಕ್ಷಕಿ.

ಬ್ರಿಟಿಷರ ಕಾಲದ ಆ ತೇಗದ ಕುರ್ಚಿಯ ಬೆನ್ನಿನ ಮೇಲೆ ಎಲೆಬಳ್ಳಿ, ದ್ರಾಕ್ಷಿ ಗೊಂಚಲು ಕೆತ್ತಿದ ಪಟ್ಟಿಯಿತ್ತು. ಭಾನುವಾರ ಅವರು ಮಠಕ್ಕೆ ಹೋಗಿದ್ದಾಗ ಯಾರೋ ಹಿತ್ತಲ ಬಾಗಿಲಿನಿಂದ ಬಂದು ಪಟ್ಟಿಯನ್ನಷ್ಟೇ ಕೊಯ್ದು ಒಯ್ದಿದ್ದರು. ಪಕ್ಕದಲ್ಲಿದ್ದ ಬೆಳ್ಳಿ ತಂಬಿಗೆಯನ್ನು ಮುಟ್ಟಿರಲಿಲ್ಲ. ಎಫ್‌ಐಆರ್ ದಾಖಲಾಯಿತು.

ಅವರ ಮನೆಯಲ್ಲಿ ಕಾನ್ಸ್‌ಟೇಬಲ್ ಫಯಾಜ ಪಂಚನಾಮೆ ಬರೆಯುವಾಗ ಕುರ್ಚಿಯ ಕೈ ಮೇಲೆ ಮೂರು ಬಿಳಿ ಗೆರೆ ಕಂಡವು.

“ಇದಕ್ಕ ವಿಭೂತಿ ಹಚ್ಚೀರೇನ್ರಿ ಬಾಯಾರ?” ಭುವನೇಶ್ವರಿ ಕೇಳಿದಳು.

“ನಮ್ಮ ಮನ್ಯಾಗ ವಿಭೂತಿ ಎಲ್ಲಿಂದ ಬರಬೇಕ್ರಿ? ನಾವು ಗೋಪಿಚಂದನದವರು.”

“ಕುರ್ಚಿ ನೋಡಾಕ ಯಾರು ಬಂದಿದ್ರು?”

“ನಿಡಗುಂದಿ ಬಡಿಗೇರ ಧೂಳಪ್ಪ. ಬಳ್ಳಿ ಮ್ಯಾಲೆ ಹಾಳಿ ಇಟ್ಟು, ಇದ್ದಿಲಿ ತಿಕ್ಕಿ ನಮೂನಿ ತಗೊಂಡು ಹೋದ. ಬ್ಯಾಡ ಯಾಕನ್ಲಿ? ಇದನ್ನ ಮಾಡಿದ ಮುಂಬೈಯವನೂ ಇಂಗ್ಲಿಷ್ ನಮೂನಿ ಪುಸ್ತಕ ನೋಡೇ ಕೆತ್ತಿದ್ನಂತ. ಆ ಪುಸ್ತಕದವರು ಗ್ರೀಕರ ಗುಡಿ ಕಂಬ ನೋಡಿ ಬರದಿದ್ರಂತ.”

ಧೂಳಪ್ಪ ಬಸವನ ಬಾಗೇವಾಡಿಯ ಹೊಸ ಮನೆಯೊಂದಕ್ಕೆ ತಾನೇ ಬಳ್ಳಿ ಕೆತ್ತಿದ ಹೆಬ್ಬಾಗಿಲು ಕೂಡಿಸುತ್ತಿದ್ದ. ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಇದ್ದನೆಂದು ಮನೆಯ ಮಾಲಕರು ಹೇಳಿದರು. ವಿಭೂತಿಯ ಸುದ್ದಿ ಕೇಳಿದ್ದೇ ಅವನ ಮುಖ ಸಪ್ಪಗಾಯಿತು.

“ಬ್ಯಾರೆಯವರು ಕೆತ್ತಿದ್ದಕ್ಕ ಗರಗಸ ಹಚ್ಚೂ ಮುಂದ ವಿಭೂತಿ ಹಚ್ಚಿ, ತಪ್ಪಾತು ಅಂತ ಕೈ ಮುಗೀಬೇಕ್ರಿ. ನಮ್ಮ ಗುರುಗಳು ಕಲಿಸಿದ್ದು.”

“ಅವರ ಕಡೆ ಕಲ್ತವರು ಯಾರ್ಯಾರು?”

“ನಾನು, ಮುದ್ದೇಬಿಹಾಳದ ಪರಪ್ಪ. ಇಬ್ಬರ.” ಧೂಳಪ್ಪ ತಲೆ ತಗ್ಗಿಸಿದ. “ಈ ಬಾಗಲದ ಕೆಲಸಾ ಇಬ್ರೂ ಕೇಳಿದ್ವಿ, ನನಗ ಸಿಕ್ತು. ಕುರ್ಚಿ ಸುದ್ದಿ ನಾನ ಅವಗ ಹೇಳಿದ್ದೆರಿ. ಕೂಡಿ ಕಲ್ತವ ಅಂತ.”

ಮುದ್ದೇಬಿಹಾಳದ ತನ್ನ ಬಡಿಗತನದ ಅಂಗಡಿಯಲ್ಲಿ ಸಿಕ್ಕ ಪರಪ್ಪ ಅಲ್ಲಗಳೆಯಲಿಲ್ಲ. ಹಲಗೆಗಳ ಹಿಂದಿನಿಂದ ಧೋತರದಲ್ಲಿ ಸುತ್ತಿದ ಪಟ್ಟಿಯನ್ನು ತಾನೇ ತಂದುಕೊಟ್ಟ. ಬಳ್ಳಿಗೆ ಒಂದು ಗೀರೂ ಬಿದ್ದಿರಲಿಲ್ಲ.

“ಯಾಕ ಕೊಯ್ದಿ?”

“ಎಲ್ಲಾರೂ ಧೂಳಪ್ಪನ ಕೈಯಾಗ ದೇವ್ರು ಅದಾನ ಅನ್ನಾಕತ್ತಿದ್ರು. ಕೇಳಿ ಕೇಳಿ ನಿದ್ದಿ ಹತ್ತಲಿಲ್ರಿ. ಬಾಗಲದ ಬಳ್ಳಿ ಅವಂದಲ್ಲ, ಈ ಕುರ್ಚಿದು ಅಂತ ಮಾಲಕರಿಗೆ ತೋರ್ಸಾಕ ನಿನ್ನೆ ಸಂಜಿಗೆ ಒಯ್ದೆ.”

“ತೋರ್ಸಿದೇನು?”

“ಇಲ್ರಿ. ಬಾಗಲಾ ನೋಡಿ ತಿರುಗಿ ಬಂದೆ.” ಪರಪ್ಪ ಪಟ್ಟಿಯ ದ್ರಾಕ್ಷಿ ಗೊಂಚಲಿನ ಮೇಲೆ ಬೆರಳಿಟ್ಟ. “ಬಳ್ಳಿ ಕುರ್ಚಿದ ಐತಿ. ಆದ್ರ ದ್ರಾಕ್ಷಿ ಜಾಗಾದಾಗ ಅಂವಾ ತೊಗರಿಕಾಯಿ ಬಿಡಿಸ್ಯಾನ್ರಿ. ಹೊಲಕ್ಕ ಹೋದ್ರ ಕಾಲಿಗೆ ತಾಗೂ ತೊಗರಿ. ಅದು ನನಗ್ಯಾಕ ಹೊಳೀಲಿಲ್ಲ?”

ಪಟ್ಟಿಯನ್ನು ಜಪ್ತಿ ಮಾಡಿ ಅವನನ್ನು ಬಂಧಿಸಿದರು. ಠಾಣೆಯಲ್ಲಿ ಫಯಾಜ ಪೆನ್ನು ಹಿಡಿದು ಕೇಳಿದ, “ಕಾರಣ ಏನಂತ ಬರೀಲಿ ಮೇಡಂ?”

“ಹೊಟ್ಟಿಕಿಚ್ಚು ಅಂತ ಬರಿ.”

ಆಮೇಲೆ ಭುವನೇಶ್ವರಿ ರಾಜಶ್ರೀಗೆ ಫೋನು ಹಚ್ಚಿದಳು. ಅತ್ತ ಕಡೆಯಿಂದ “ಹಲೋ” ಎಂದ ಕೂಡಲೇ ಕಟ್ ಮಾಡಿದಳು.