ಗೊಬ್ಬೂರಿನ ಪಾಳಿ

“ಒಂದೇ ಕೆಲಸಕ್ಕ ಎರಡು ಬಾಗ್ಲಾ ಯಾಕ್ರಿ ಮೇಡಂ?” ಎಂದು ಸೊಹೇಲ ಕೇಳಿದಾಗ ಇರಮ ಮೊದಲ ಸಲ ಅವನ ಮುಖ ನೋಡಿದಳು.

ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಸಾಫ್ಟ್‌ವೇರ್ ಬರೆಯುವವಳು ಅವಳೊಬ್ಬಳೇ. ಸೊಹೇಲ ಗೊಬ್ಬೂರಿನ ಫೀಲ್ಡ್ ಆಫೀಸಿನ ಗುಮಾಸ್ತ. ತರಬೇತಿಗೆ ಬಂದಿದ್ದ, ಶರ್ಟಿನ ತೋಳಿಗೆ ಕಬ್ಬಿನ ಒಣಗರಿಯ ರವದಿ ಅಂಟಿತ್ತು.

ಅವಳು ಬಿಡಿಸಿ ಹೇಳಿದಳು. ಕಟಾವಿನ ಪಾಳಿ ಬಂದಾಗ ರೈತನ ಫೋನಿಗೆ ಮೆಸೇಜ್ ಕಳಿಸುವ ಪ್ರೋಗ್ರಾಮ್ ಒಂದಿದೆ. ಇಷ್ಟು ದಿನ ಅದನ್ನು ಈ ಕೋಣೆಯೊಳಗಿಂದಷ್ಟೇ ಕರೆಯುತ್ತಿದ್ದರು, ಅಂದರೆ ನಡೆಸುತ್ತಿದ್ದರು. ಈಗ ಅದನ್ನೇ ವೆಬ್ ಸರ್ವಿಸ್ ಮಾಡಿ ಫೀಲ್ಡ್ ಆಫೀಸುಗಳಿಗೂ ತೆರೆಯಬೇಕು. ಪ್ರಯೋಗಕ್ಕೆ ಮೊದಲು ಗೊಬ್ಬೂರು.

“ಹೊರಗಿಂದ ಕರದ್ರ ಹೆಸ್ರು, ಪಾಸ್‌ವರ್ಡ್, ರೈತನ ನಂಬರು ಕೇಳ್ತದ. ಒಂದು ಬಿಟ್ರೂ ವಾಪಸ್ ಕಳಿಸ್ತದ. ಒಳಗಿಂದ ಕರದ್ರ ಏನೂ ಕೇಳೂದಿಲ್ಲ.”

“ಒಳಗಿನವ್ರ ಮ್ಯಾಲ ಅಷ್ಟು ಭರೋಸಾ?”

“ಒಳಗ ಇರಾಕಿ ನಾನೊಬ್ಬಾಕಿ.”

“ಹಂಗಾದ್ರ ಬರೋಬರಿ ಅದ ಬಿಡ್ರಿ.”

ಅವಳು ನಗು ತಡೆಯಲು ಕೀಬೋರ್ಡಿನತ್ತ ಬಗ್ಗಿದಳು. ಕಿವಿ ಬಿಸಿಯಾಗಿತ್ತು.

ಆಮೇಲೆ ದಿನಾ ನಾಲ್ಕಕ್ಕೆ, ಚಹಾದ ಹೊತ್ತಿಗೆ, ಇರಮ ಒಳಗಿನಿಂದ ಟೆಸ್ಟ್ ಮಾಡತೊಡಗಿದಳು. ಹಾಕುತ್ತಿದ್ದುದು ಸೊಹೇಲನ ನಂಬರು. ‘ನಿಮ್ಮ ಕಬ್ಬಿಗೆ ಪಾಳಿ ಬಂದಿದೆ. ನಾಳೆ ಕಡಿಯಿರಿ.’ ಅವನಿಗೆ ಗೇಣು ಹೊಲವೂ ಇರಲಿಲ್ಲ. ಮರುಕ್ಷಣ ಫೋನ್ ಬರುತ್ತಿತ್ತು.

“ಎಲ್ಲಿ ಕಡೀಲ್ರಿ? ಪಾಳಿ ಕೊಡೋರು ಹೊಲಾನೂ ಕೊಡ್ಬೇಕು.”

“ಹೊಲ ಇಲ್ದವ್ರಿಗೆ ನಮ್ಮ ಮನ್ಯಾಗ ಹೆಣ್ಣು ಕೊಡಂಗಿಲ್ಲ.”

“ಹೆಣ್ಣಿನ ಮಾತು ನಾ ಎತ್ತಿಲ್ಲ ನೋಡ್ರಿ.” ಮತ್ತೆ ಅವನೇ, “ಎತ್ತಾಕ ಯಾವ ವಾರ ಬರ್ಲಿ?”

ಡಿಸೆಂಬರಿನಲ್ಲಿ ಅವನ ತಾಯಿ ಶಮಶಾದ ಇರಮಳ ಊರಾದ ಆಳಂದಕ್ಕೆ ಬಂದು, ಅವಳ ಮನೆಯಲ್ಲಿ ಚಹಾ ಕುಡಿದು, ಅವಳ ಕೈಬೆರಳುಗಳನ್ನು ಹಿಡಿದು ನೋಡಿ ಹೋದಳು. ಮದುವೆಯ ಮಾತು ಅರ್ಧ ಕುದುರಿತು.

ಮರುದಿನ ನಾಲ್ಕಕ್ಕೆ ಇರಮಳ ಮನಸ್ಸು ಎಲ್ಲೋ ಇತ್ತು. ಅವಳು ಸೊಹೇಲನ ನಂಬರು ಹಾಕುವುದನ್ನು ಮರೆತೇ ಮೆಸೇಜ್ ಕಳಿಸಿಬಿಟ್ಟಳು. ನಂಬರು ಖಾಲಿ ಬಿಟ್ಟರೆ ಇಡೀ ಗೊಬ್ಬೂರಿಗೆ ಎಂದು ಆ ಪ್ರೋಗ್ರಾಮಿನ ಲೆಕ್ಕ. ಒಳಗಿನ ಕರೆಯಾದ್ದರಿಂದ ಅದು ತಡೆಯಲಿಲ್ಲ. ಅಂದು ಫೋನ್ ಬರಲಿಲ್ಲವೆಂದು ಅವಳು ಮುನಿಸಿಕೊಂಡೇ ಮನೆಗೆ ಹೋದಳು.

ಬೆಳಿಗ್ಗೆ ಗೊಬ್ಬೂರಿನ ಇನ್ನೂರ ಹನ್ನೆರಡು ಮಂದಿ ಕಬ್ಬು ಕಡಿದರು. ಲಾರಿ ಬರಲಿಲ್ಲ. ಕಡಿದ ಕಬ್ಬು ಆರು ದಿನ ಬಿಸಿಲಿಗೆ ಬಿದ್ದು ಬೆಂಡಾಯಿತು.

ಏಳನೆಯ ದಿನ ಭಾಗಮ್ಮ ಎಂಬ ಒಕ್ಕಲಗಿತ್ತಿ ಒಣಗಿದ ಜಲ್ಲೆಯೊಂದನ್ನು ತಂದು ಮ್ಯಾನೇಜರ್ ಮಹಾದೇವಪ್ಪನವರ ಮೇಜಿನ ಮೇಲಿಟ್ಟಳು. “ತಿನ್ರಿ ಸಾಹೇಬ್ರ. ಸೀ ಅದ ಏನ್ ನೋಡ್ರಿ.”

ಅವರು ಅಲ್ಲಿಗೆ ಕರೆಸಿದ್ದ ಇರಮಳತ್ತ ತಿರುಗಿದರು. “ಮೆಸೇಜು ಒಳಗಿಂದ ಹೋತೋ, ಹೊರಗಿಂದೋ?”

ಒಳಗಿಂದಲೇ ಎಂದು ಅವಳಿಗೆ ಗೊತ್ತಿತ್ತು. “ಹೊರಗಿಂದ ಇರಬೇಕ್ರಿ.”

ಹೊರಗಿನ ಪಾಸ್‌ವರ್ಡ್ ಇದ್ದುದು ಸೊಹೇಲನೊಬ್ಬನಿಗೇ. ಅವನನ್ನು ಕರೆಸಿದರು. ಅವನು ಅವಳನ್ನು ಒಮ್ಮೆ ನೋಡಿದ. ಅವಳು ಮೇಜಿನ ಮೇಲಿನ ಸ್ಕ್ರೀನ್ ನೋಡುತ್ತಿದ್ದಳು.

“ಆವತ್ತು... ನಾಲ್ಕಕ್ಕ...” ಒಂದೊಂದೇ ಮಾತು ಬಿಟ್ಟು ಬಿಟ್ಟು ಬಂತು. “ಗೊಬ್ಬೂರಿಗೆ... ಮೆಸೇಜು... ನಾನೇ ಕಳಿಸೀನ್ರಿ.”

ಭಾಗಮ್ಮ ಅವನ ಕಪಾಳಕ್ಕೆ ಹೊಡೆದಳು. ಯಾರೂ ತಡೆಯಲಿಲ್ಲ. ಸಂಜೆಯೊಳಗೆ ಅವನ ನೌಕರಿ ಹೋಯಿತು. ಯಾವ ಮೆಸೇಜು ಎಲ್ಲಿಂದ ಹೋಯಿತೆಂದು ದಾಖಲಾಗುವ ಲಾಗ್ ತೆರೆದು ನೋಡುವ ಗರಜು ಯಾರಿಗೂ ಬೀಳಲಿಲ್ಲ.

ನಾಲ್ಕು ದಿನದ ಮೇಲೆ ಇರಮ ಅವನನ್ನು ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಹಿಡಿದಳು. ಜೇವರ್ಗಿಯ ತೊಗರಿ ಮಿಲ್ಲಿನಲ್ಲಿ ಕೆಲಸ ಸಿಕ್ಕಿತ್ತಂತೆ. ಅವನು ಬೆಂಚಿನ ಮೇಲೆ ಸರಿದು ಜಾಗ ಕೊಟ್ಟ.

“ಹೆದರಿಕಿ ಆತು ಸೊಹೇಲ. ಈಗ ಹೋಗಿ ಖರೇ ಹೇಳ್ತೇನಿ. ನೀ ಇಲ್ದ ನನಗ ಆಗಂಗಿಲ್ಲ.”

“ಹೇಳ್ಬ್ಯಾಡ. ನಿಂದೂ ನೌಕರಿ ಹೋಗ್ತದ, ಕಬ್ಬು ಹಸಿ ಆಗಂಗಿಲ್ಲ.”

“ನನ್ನ ಮ್ಯಾಲ ಪ್ರೀತಿ ಹೋತೇನು?”

“ಹೋಗಿಲ್ಲ. ಅದ್ಕ ಅಷ್ಟು ಸಾವಕಾಶ ಮಾತಾಡ್ದೆ.”

ಅವಳಿಗೆ ತಿಳಿಯಲಿಲ್ಲ.

“ಸಾಹೇಬ್ರ ಮುಂದ. ಎರಡು ಮಾತಿಗೆ ಎಷ್ಟು ಹೊತ್ತು ತಗೊಂಡೆ. ನಡುವ ನೀ ಬಾಯಿ ಬಿಡ್ತಿ, ಬಿಡ್ತಿ ಅಂತ ಕಾದೆ.”

ಜೇವರ್ಗಿ ಬಸ್ಸು ಬಂತು. ಅವನು ಚೀಲ ಎತ್ತಿಕೊಂಡು, ಅವಳ ಜಾರಿದ ದುಪಟ್ಟಾವನ್ನು ಹೆಗಲಿಗೆ ಸರಿಮಾಡಿ ಹತ್ತಿದ. ಅವಳು ನಿಂತಿದ್ದ ಬದಿಯ ಕಿಟಕಿಯ ಸೀಟು ಖಾಲಿಯಿತ್ತು. ಅವನು ಆಚೆಯ ಸಾಲಿಗೆ ಹೋಗಿ ಕೂತ.