ಮೂಗುಗಲ್ಲಿನ ಎತ್ತರ

ಬೆಳಗಿನ ದೋಣಿ ಬರುವ ಹೊತ್ತಿಗೆ ಕರಿದ್ವೀಪದ ಮೇಲೆ ದಾರಿ ಹುಟ್ಟಿಕೊಳ್ಳುತ್ತಿತ್ತು. ಹುಟ್ಟಿಕೊಳ್ಳುತ್ತಿತ್ತು ಎಂಬ ಮಾತೇ ಸರಿ, ಏಕೆಂದರೆ ನಿನ್ನೆಯ ದಾರಿ ಇಂದು ಇರುತ್ತಿರಲಿಲ್ಲ. ಲಾವಾ ಹೆಪ್ಪುಗಟ್ಟಿದ ಕಪ್ಪು ಇಳಿಜಾರಿನ ತುಂಬ ಆಳೆತ್ತರದ ಕಂಬಗಳನ್ನು ನೆಟ್ಟಿದ್ದರು. ಅವುಗಳಲ್ಲಿ ಕೆಲವು ಕೆಂಪಾಗಿಯೇ ಉಳಿದು, ಉಳಿದವು ಒಂದೊಂದಾಗಿ ಹಸಿರಾಗುತ್ತಿದ್ದವು. ಆ ಹಸಿರಿನ ಸಾಲು ದಡದಿಂದ ಜ್ವಾಲಾಮುಖಿಯ ಬಾಯಿಯವರೆಗೂ ಹೋಗುತ್ತಿತ್ತು. ಪ್ರವಾಸಿಗಳು ಅದನ್ನು ಹಿಡಿದು ನಡೆದರೆ ಸಾಕಿತ್ತು.

ಅಂಡಮಾನ್ ಸಮುದ್ರದಲ್ಲಿ ಈ ದ್ವೀಪ ತಲೆ ಎತ್ತಿ ಇಪ್ಪತ್ತು ವರ್ಷಗಳಾಗಿದ್ದವು. ಒಳಗೆ ಬೆಂಕಿ ಇನ್ನೂ ಆರಿರಲಿಲ್ಲ. ನೆಲದ ಬಿರುಕುಗಳಿಂದ ವಿಷಗಾಳಿ ಒಂದು ದಿನ ಇಲ್ಲಿ, ಇನ್ನೊಂದು ದಿನ ಅಲ್ಲಿ ಏಳುತ್ತಿತ್ತು. ಇಂಥ ಕಡೆ ಕಲ್ಲು ಹಾಸಿ ಶಾಶ್ವತ ದಾರಿ ಮಾಡುವುದು ಹುಚ್ಚುತನ. ಅದಕ್ಕೇ ಡಾ. ಸಹನಾ ಮೂಲಿಮನಿ ಈ ಕಂಬಗಳನ್ನು ಕಂಡುಹಿಡಿದಿದ್ದಳು. ಕಂಬದ ತುದಿಯ ತೆಳು ಪೊರೆ ಗಾಳಿಯನ್ನು ಮೂಸುತ್ತದೆ, ಬುಡದ ಸರಳು ನೆಲದ ಬಿಸಿಯನ್ನು ಅಳೆಯುತ್ತದೆ, ಕಂಬಗಳು ತಮ್ಮತಮ್ಮಲ್ಲೇ ಸುದ್ದಿ ಹಂಚಿಕೊಂಡು ಆ ಹೊತ್ತಿನ ಸುರಕ್ಷಿತ ದಾರಿಯನ್ನು ಗೆರೆ ಎಳೆದಂತೆ ತೋರಿಸುತ್ತವೆ. ಕೂಲಿಯವರು ಅದಕ್ಕೆ ಮೂಗುಗಲ್ಲು ಎಂದು ಹೆಸರಿಟ್ಟರು. ಆ ಹೆಸರೇ ನಿಂತಿತು.

ಮೊದಲ ಪ್ರಯೋಗದಲ್ಲಿ ಆ ಪೊರೆಯನ್ನು ಕಂಬದ ಬುಡದಲ್ಲೇ ಇಟ್ಟಿದ್ದರು. ಆಗ ಬಹುತೇಕ ಕಂಬಗಳು ಕೆಂಪಾಗಿಯೇ ಉಳಿದವು, ದಾರಿ ಮೂಡಲೇ ಇಲ್ಲ. ದ್ವೀಪವನ್ನು ಗುತ್ತಿಗೆ ಹಿಡಿದ ಕಂಪನಿಯ ಸಭೆಯಲ್ಲಿ ಸಹನಾ, "ಯಾರ ಮೂಗು ನೆಲದಾಗ ಇರತೈತಿ?" ಎಂದು ನಕ್ಕು, ಪೊರೆಯನ್ನು ನಿಂತವರ ಮುಖದ ಮಟ್ಟಕ್ಕೆ ಏರಿಸಿದಳು. ಎಲ್ಲರೂ ನಕ್ಕರು. ಮಾರನೆಯ ದಿನವೇ ದಾರಿ ಮೂಡಿತು.

ಒಂದು ದಿನ ಬೆಳಗಿನ ದೋಣಿಯಲ್ಲಿ ಧಾರವಾಡದ ಕಡೆಯ ಹೆಂಗಸರ ಗುಂಪೊಂದು ಬಂತು. ಅದರಲ್ಲಿ ಸಹನಾಳ ಅಕ್ಕ ಅಕ್ಷತಾ ಇದ್ದಳು. ತಾಯಿ ಬೇಗ ತೀರಿಕೊಂಡ ಮನೆಯಲ್ಲಿ ತಂಗಿಯ ಜಡೆ ಹೆಣೆದು ಶಾಲೆಗೆ ಕಳಿಸಿದವಳು ಅವಳೇ. ತಂಗಿ ಮಾಡಿದ್ದನ್ನು ಕಣ್ಣಾರೆ ನೋಡಬೇಕೆಂದು ಮಂಡಿನೋವು ಕಟ್ಟಿಕೊಂಡು ಸಮುದ್ರ ದಾಟಿದ್ದಳು. ಸಹನಾ ಅಂದು ಬೇರೆ ಕೆಲಸವನ್ನೆಲ್ಲ ಬಿಟ್ಟು ತಾನೇ ಮುಂದೆ ನಡೆದಳು.

ಮೂರನೆಯ ವೀಕ್ಷಣಾ ತಾಣವೆಂದರೆ ಅವಳಿಗೆ ಬಲು ಹೆಮ್ಮೆ. ಜ್ವಾಲಾಮುಖಿಯ ಬಾಯಿ ಅಲ್ಲಿಂದ ನೇರ ಕಾಣುತ್ತಿತ್ತು. ಗಾಳಿ ಬಡಿಯದಿರಲೆಂದು ತಗ್ಗಿನಲ್ಲಿ ಜಾಗ ಆರಿಸಿ, ಸುತ್ತ ಸೊಂಟದೆತ್ತರದ ಗೋಡೆ ಕಟ್ಟಿಸಿದ್ದಳು. ಹೆಂಗಸರು ಕಲ್ಲುಬೆಂಚುಗಳನ್ನು ಬಿಟ್ಟು ನೆಲದ ಮೇಲೆ ಜಮಖಾನೆ ಹಾಸಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರು.

"ನೆಲ ಬೆಚ್ಚಗೈತಿ ನೋಡ, ಒಲಿ ಮುಂದ ಕುಂತಂಗ ಆಗತೈತಿ," ಎಂದಳು ಅಕ್ಷತಾ. "ಮಂಡಿಗೆ ಹಿತ ಆತು. ನೀವು ಹೋಗಿ ಬರ್ರಿ, ನಾ ಸ್ವಲ್ಪ ಅಡ್ಡಾಗತೇನಿ."

"ಇಷ್ಟು ದೂರ ಬಂದು ಬೆಂಕಿ ನೋಡೋದಿಲ್ಲೇನಕ್ಕ?"

"ಹುಟ್ಟಿದಾಗಿಂದ ಒಲಿ ಬೆಂಕಿ ನೋಡೇನಿ. ನಿನ್ನ ನೋಡಾಕ ಬಂದೇನಿ, ನೋಡಿದೆ. ಹೋಗವಾ."

ಸಹನಾ ಸುತ್ತ ಕಣ್ಣಾಡಿಸಿದಳು. ಎಲ್ಲ ಮೂಗುಗಲ್ಲುಗಳೂ ಹಸಿರಾಗಿದ್ದವು. ಅಕ್ಕನ ನೆರೆಮನೆಯ ರೂಪಾ ಸವದಿ ಜೊತೆಗಿರುತ್ತೇನೆಂದು ಬೆಂಚಿನ ಮೇಲೆ ಕೂತಳು. ಉಳಿದವರು ಮೇಲೆ ಹತ್ತಿದರು.

ನೆಲದ ಬಿರುಕುಗಳಿಂದ ಏಳುವ ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಭಾರವಾದ್ದರಿಂದ ತಗ್ಗು ಸಿಕ್ಕಲ್ಲಿ ನೀರಿನಂತೆ ನಿಲ್ಲುತ್ತದೆ. ಮಧ್ಯಾಹ್ನ ಗಾಳಿ ಬಿದ್ದಿತು. ಬೀಸುತ್ತಿದ್ದ ಅಷ್ಟಿಷ್ಟನ್ನೂ ಸಹನಾ ಕಟ್ಟಿಸಿದ ಗೋಡೆ ತಡೆಯಿತು. ತಗ್ಗು ಸದ್ದಿಲ್ಲದೆ ಮೊಣಕಾಲಿನವರೆಗೆ ತುಂಬಿಕೊಂಡಿತು.

ಗುಂಪು ಮರಳಿದಾಗ ಅಕ್ಷತಾ ಜಮಖಾನೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ರೂಪಾ ಬೆಂಚಿನಿಂದಲೇ ತುಟಿಗೆ ಬೆರಳಿಟ್ಟಳು. "ಸಾವಕಾಶ ಬರ್ರಿ. ಈಗ ಕಣ್ಣು ಹತ್ಯಾವು."

ಎಬ್ಬಿಸಲೆಂದು ಬಗ್ಗಿದ ಸಹನಾಗೆ ಒಂದೇ ಉಸಿರಿಗೆ ತಲೆ ಗಿರ್ರೆಂದಿತು. ಏನಾಗಿದೆಯೆಂದು ಆ ಕ್ಷಣವೇ ತಿಳಿಯಿತು. ಉಸಿರು ಬಿಗಿಹಿಡಿದು ಅಕ್ಕನನ್ನು ಎಳೆದು ಗೋಡೆಯಾಚೆ ಹಾಕಿದಳು. ಎದೆ ಒತ್ತಿದಳು, ಬಾಯಿಗೆ ಬಾಯಿಟ್ಟು ಊದಿದಳು. ಮೈ ಇನ್ನೂ ಬೆಚ್ಚಗಿತ್ತು, ಆದರೆ ಅದು ನೆಲದ ಬಿಸಿ. ಅವರ ತಲೆಯ ಮೇಲೆ ಮೂಗುಗಲ್ಲು ಹಸಿರಾಗಿಯೇ ಉರಿಯುತ್ತಿತ್ತು.

ತನಿಖೆ ನಡೆಯಿತು. ಯಂತ್ರದಲ್ಲಿ ದೋಷವಿಲ್ಲ, ಪ್ರವಾಸಿ ಎಂದರೆ ನಡೆಯುವವ, ನಿಂತು ನೋಡುವವ, ಮೃತರು ಮಲಗಿದ್ದರು ಎಂದು ಸಮಿತಿ ಬರೆಯಿತು. ಸಹನಾಳ ಮೇಲೆ ಯಾವ ತಪ್ಪೂ ಬರಲಿಲ್ಲ. ಅದು ಅವಳನ್ನು ಇನ್ನಷ್ಟು ಸುಟ್ಟಿತು. ಅವಳೇ ನಿಂತು ಎಲ್ಲ ಪೊರೆಗಳನ್ನೂ ಬುಡಕ್ಕೆ ಇಳಿಸಿದಳು. ದ್ವೀಪ ಮತ್ತೆ ಕೆಂಪಾಯಿತು, ಬಂದ ದೋಣಿಗಳು ಹಿಂದಿರುಗಿದವು.

"ಮೇಡಂ, ನಿಮ್ಮ ದುಃಖ ಅರ್ಥ ಆಗುತ್ತೆ," ಎಂದ ಕಂಪನಿಯ ವ್ಯವಸ್ಥಾಪಕ ನಿಶಾಂತ್. "ಆದ್ರೆ ಮಲಗೋರಿಗೋಸ್ಕರ ನಡೆಯೋರ ದಾರಿ ಮುಚ್ಚೋಕಾಗುತ್ತಾ? ಒಂದು ಬೋರ್ಡ್ ಹಾಕಿಸ್ತೀವಿ ಬಿಡಿ."

ಪೊರೆಗಳು ಮತ್ತೆ ಮೇಲೇರಿದವು. 'ಇಲ್ಲಿ ಮಲಗಬಾರದು' ಎಂಬ ಬೋರ್ಡು ಬಂತು. ಸಹನಾ ಕೆಲಸ ಬಿಟ್ಟು ಊರಿಗೆ ಮರಳಿದಳು.

ಎರಡು ವರ್ಷದಲ್ಲಿ ಮೂಗುಗಲ್ಲು ಅವಳ ಹಿಂದೆಯೇ ಊರಿಗೆ ಬಂತು. ವಾಹನಗಳ ಹೊಗೆ, ಚರಂಡಿಯ ಅನಿಲ, ಕಾರ್ಖಾನೆಯ ಧೂಳು ಅಳೆದು ನಡೆಯುವವರಿಗೆ ಒಳ್ಳೆಯ ಗಾಳಿಯ ದಾರಿ ತೋರಿಸಲು ನಗರಪಾಲಿಕೆ ಅದನ್ನು ಬೀದಿಬೀದಿಗೂ ನೆಟ್ಟಿತು. ಬಸ್ ನಿಲ್ದಾಣದ ಪಕ್ಕದ ಮೇಲ್ಸೇತುವೆಯ ಕೆಳಗೆ ಕಟ್ಟಡ ಕೆಲಸದವರ ಸಂಸಾರಗಳು ಸಾಲಾಗಿ ಬೀಡುಬಿಟ್ಟಿದ್ದವು. ಒಂದು ಮಧ್ಯಾಹ್ನ ಸಹನಾ ಪಾಲಿಕೆಯ ಎಂಜಿನಿಯರನ್ನು ಅಲ್ಲಿಗೆ ಕರೆದೊಯ್ದಳು. ಹಸಿರಾಗಿದ್ದ ಕಂಬದ ಬುಡದಲ್ಲಿ ಮಂಡಿಯೂರಿ, ಕೈಯಲ್ಲಿದ್ದ ಇನ್ನೊಂದು ಪೊರೆಯನ್ನು ನೆಲಕ್ಕೆ ಹಿಡಿದಳು. ಅದಕ್ಕೆ ಜೋಡಿಸಿದ್ದ ದೀಪ ಕೂಡಲೇ ಕೆಂಪಾಯಿತು.

ಎಂಜಿನಿಯರಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಮ್ಮಪ್ಪನ ಕಾಲದಾಗ ಗಾಳಿ ಅಳಿಯೋ ಮೀಟರು ಆಫೀಸಿನ ಮಾಳಿಗಿ ಮ್ಯಾಲ ಇರತಿತ್ತರೀ," ಎಂದ. "ಅಲ್ಲಿಂದ ಮನಶಾರ ಮಾರಿತನಕ ಇಳದೇವಿ. ಇನ್ನೂ ಕೆಳಗ ಅಳದ್ರ ಊರನ್ನ ಮುಚ್ಚಬೇಕಾಗತೈತ್ರಿ ಮೇಡಂ."

ಪಕ್ಕದಲ್ಲಿ ಒಬ್ಬ ಹೆಂಗಸು ಸಿಮೆಂಟಿನ ಚೀಲ ಹಾಸಿ ಕೂಸನ್ನು ಮಲಗಿಸುತ್ತಿದ್ದಳು. ಸಹನಾ ಮಂಡಿಯೂರಿದಲ್ಲಿಂದಲೇ ಅವಳ ಕಡೆ ತಿರುಗಿದಳು.

"ಕೂಸಿನ್ನ ಎತ್ತಿಕೊಳ್ಳವಾ. ನೆಲದಾಗ ಗಾಳಿ ಚಲೋ ಇಲ್ಲ."

ಹೆಂಗಸು ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಕಂಬವನ್ನೂ ಅವರಿಬ್ಬರನ್ನೂ ಒಮ್ಮೆ ನೋಡಿದಳು.

"ಎಷ್ಟೊತ್ತು ಹಿಂಗ ಎತ್ಕೊಂಡಿರಲಿರೀ ಅಕ್ಕಾರ?" ಎಂದು ಕೇಳಿದಳು.